ಭುಜದವರೆಗಿನ ಅಳತೆ

ನಮ್ಮ ಭಾವನ ಮನೆಗೆ ಬಂದವರು ಮೊದಲು ನೋಡುವುದು ಗಾಜಿನ ಬೀರುವಿನಲ್ಲಿರುವ ಕಪ್‌ಗಳನ್ನು. ಆಮೇಲೆ ಭಾವನನ್ನು, ಏಕೆಂದರೆ ಬೀರುವಿನ ಪಕ್ಕದಲ್ಲೇ ಅವರು ಮೀಸೆ ತೀಡುತ್ತಾ ನಿಂತಿರುತ್ತಾರೆ. ಆ ಕಪ್‌ಗಳನ್ನು ಗೆದ್ದ ನಾಯಿಯನ್ನು ನೋಡಬೇಕೆಂದು ಯಾರಿಗಾದರೂ ನೆನಪಾದರೆ ಅದು ಟೀ ಕುಡಿದು ಲೋಟ ಕೆಳಗಿಟ್ಟ ಮೇಲೆ.

ನಾನು ಆ ಮನೆಯ ಬಾಚಣಿಗೆ. ಹಾಗೆಂದು ಹೆಸರಿಟ್ಟವರೂ ಭಾವನೇ. ಕಟ್ಟಿಕೊಂಡವನ ಜೊತೆ ಏಗಿ ಸಾಕಾಗಿ ಅಕ್ಕನ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಬಂದ ವಾರವೇ ಅಕ್ಕ ನನ್ನ ಕೈಗೆ ಬಾಚಣಿಗೆ ಕೊಟ್ಟು ನಾಯಿಗಳ ಕಡೆ ತೋರಿಸಿದಳು. ಅಂದಿನಿಂದ ಸ್ನಾನ, ಕೂದಲು, ಉಗುರು, ಕಿವಿಯ ಕೊಳೆ ಎಲ್ಲ ನನ್ನ ಪಾಲಿನದು. ಅದರ ಬಗ್ಗೆ ನನಗೆ ತಕರಾರಿಲ್ಲ. ನಾಯಿಯ ಕಿವಿಯ ಕೊಳೆ ನೋಡಿ ನನಗೆ ಒಂದು ದಿನವೂ ವಾಕರಿಕೆ ಬಂದಿಲ್ಲ. ಬಂದದ್ದೆಲ್ಲ ನಾಯಿಯ ಹಗ್ಗ ಹಿಡಿದವರನ್ನು ನೋಡಿ.

ಈಗಿನ ನಾಯಿ ಬೂದಿ. ಕಾಗದಪತ್ರದಲ್ಲಿ ಅವನಿಗೆ ರೈಲಿನಷ್ಟು ಉದ್ದದ ಹೆಸರಿದೆ. ಬಣ್ಣ ನೋಡಿ ನಾನು ಬೂದಿ ಅಂದೆ, ಅದೇ ಉಳಿಯಿತು. ಉದ್ದ ಕಾಲು, ಉದ್ದ ಕತ್ತು, ಮೊಣಕಾಲಿನ ಕೆಳಗೆ ಜೋಲುವ ರೇಷ್ಮೆಯಂಥ ಕೂದಲು. ತಲೆಯನ್ನು ಎಷ್ಟು ಎತ್ತರಕ್ಕೆ ಹಿಡಿಯುತ್ತಾನೆಂದರೆ ಎದುರಿಗೆ ಕೂತವರನ್ನು ಮೂಗಿನ ಮೇಲಿಂದಲೇ ನೋಡುತ್ತಾನೆ. ಭಾವ ಬಂದರೂ ಅಷ್ಟೇ, ಭಾವನ ದೊಡ್ಡ ಸಾಹೇಬರು ಬಂದರೂ ಅಷ್ಟೇ. ಆ ಮನೆಯಲ್ಲಿ ಭಾವನ ಮುಂದೆ ತಲೆ ತಗ್ಗಿಸದೆ ಬದುಕಿದವನು ಅವನೊಬ್ಬನೇ. ಅದಕ್ಕೇ ಅವನೆಂದರೆ ನನಗೆ ಪ್ರಾಣ.

ನಾಯಿಗಳ ದೊಡ್ಡ ಪ್ರದರ್ಶನಕ್ಕೆ ಮೂರು ವಾರ ಇರುವಾಗ, ಅವನನ್ನು ವ್ಯಾನಿನಲ್ಲಿ ಸಾಗಿಸುವ ಹಳೆಯ ತಂತಿ ಪಂಜರದ ಚಿಲಕ ಮುರಿಯಿತು. ಚಿಲಕ ಹಾಕಿಸಿದ್ದರೆ ಮುಗಿಯುತ್ತಿತ್ತು. ಭಾವ ಅದನ್ನು ಪಕ್ಕದ ಮನೆಯ ಕಾವಲುಗಾರನಿಗೆ ಕೋಳಿ ಕೂಡಿಹಾಕಲು ಕೊಟ್ಟು, ಹೊಸದನ್ನು ಆರಿಸಲು ಅಕ್ಕನನ್ನೂ ನನ್ನನ್ನೂ ವ್ಯಾನಿಗೆ ಹತ್ತಿಸಿಕೊಂಡು ಹೊರಟರು. ಬೂದಿಯನ್ನು ಕರೆದುಕೊಂಡು ಹೋಗಲಿಲ್ಲ. ಅಂಗಡಿಯ ನೆಲದ ಧೂಳು ಕೂದಲಿಗೆ ಹತ್ತುತ್ತದಂತೆ. ಪೆಟ್ಟಿಗೆ ಯಾರಿಗೆ ಬೇಕೋ ಅವನೊಬ್ಬ ಮನೆಯಲ್ಲಿ, ಬೇಡದವರು ಮೂವರು ಅಂಗಡಿಯಲ್ಲಿ.

ಅಂಗಡಿಯವನು ಒಂದೊಂದನ್ನೇ ತೆಗೆದು ತೋರಿಸಿದ. ಮೊದಲನೆಯದು ಬಟ್ಟೆಯದು, ಕೊಡೆಯಂತೆ ಮಡಚಿ ಹೆಗಲಿಗೆ ಹಾಕಿಕೊಳ್ಳಬಹುದು. ಬೂದಿ ಎರಡು ಸಲ ಕೆರೆದರೆ ಜಿಪ್ಪು ಬಾಯಿಬಿಡುತ್ತದೆ. ಎರಡನೆಯದು ತಂತಿಯದು, ಗಾಳಿ ಚೆನ್ನಾಗಿ ಆಡುತ್ತದೆ. ಅಕ್ಕ ಅದನ್ನು ನೋಡಿ "ಕೋಳಿ ಗೂಡು" ಅಂತ ಮೂಗು ಮುರಿದಳು. ಗಟ್ಟಿ ಪ್ಲಾಸ್ಟಿಕ್ಕಿನದು ಮಡಚಲು ಬರುವುದಿಲ್ಲ. ನಾಲ್ಕನೆಯದು ಅಲ್ಯುಮಿನಿಯಂ. ಕೆಳಗೆ ಚಕ್ರ, ಮುಂದೆ ಹಿಡಿ, ಮೇಲೆ ರಬ್ಬರು ಹಾಸಿದ ಮುಚ್ಚಳ, ಅದರ ಮೇಲೆ ನಾಯಿಯನ್ನು ನಿಲ್ಲಿಸಿ ಬಾಚಬಹುದು.

ಭಾವನ ಕಣ್ಣು ಅಲ್ಲೇ ಅಂಟಿತು. "ಇದರ ಮೇಲೆ ಕಪ್ ಇಟ್ಟು ಫೋಟೋ ತೆಗೆದ್ರೆ ಹೇಗಿರುತ್ತೆ!" ಅಂದರು.

"ನನ್ನ ನೀಲಿ ಸೀರೆಗೆ ಚೆನ್ನಾಗಿ ಹೊಂದುತ್ತೆ," ಅಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. "ಪೆಟ್ಟಿಗೆ ಒಳಗಡೆ ನಾಯಿ ಇರೋದು ಭಾವ, ಕಪ್ ಅಲ್ಲ," ಅಂದೆ. "ಒಳಗೆ ಅವನು ನೆಟ್ಟಗೆ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಇಷ್ಟು ನೋಡಿ ಸಾಕು."

"ನೋಡಿದ್ಯಾ, ಬಾಚಣಿಗೆ ಭಾಷಣ ಮಾಡ್ತಾಳೆ," ಅಂತ ಭಾವ ಅಂಗಡಿಯವನ ಕಡೆ ಕಣ್ಣು ಹೊಡೆದರು. ಅವನು ಹಲ್ಲು ಕಿರಿದ. ಸಿದ್ಧವಿದ್ದ ಯಾವ ಪೆಟ್ಟಿಗೆಯೂ ನಮ್ಮ ವ್ಯಾನಿನ ಹಿಂಭಾಗಕ್ಕೆ ಕೂರುವಂತಿರಲಿಲ್ಲ. ಅಳತೆ ಕೊಟ್ಟರೆ ಮಾಡಿಸಿಕೊಡುತ್ತೇನೆ ಅಂದು ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ. ಉದ್ದ ಕೇಳಿದ, ಹೇಳಿದೆವು. ಅಗಲ ಕೇಳಿದ, ಹೇಳಿದೆವು.

"ನಾಯಿ ಎತ್ತರ?"

"ಇಪ್ಪತ್ತೆಂಟು ಇಂಚು," ಅಂದೆ ನಾನು. ಯಾರೂ ಬಾಯಿ ತೆರೆಯುವ ಮೊದಲೇ, ಮಗ್ಗಿ ಒಪ್ಪಿಸಿದ ಹಾಗೆ.

ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನಾಗಬೇಕು. ನಾಯಿ ಪ್ರದರ್ಶನದವರ ಮನೆಯಲ್ಲಿ ಎತ್ತರ ಅಂದರೆ ನೆಲದಿಂದ ಭುಜದವರೆಗೆ. ಕಾಗದದಲ್ಲಿ ಬರೆಯುವುದು ಅದನ್ನೇ, ತೀರ್ಪುಗಾರರು ಕೋಲು ಹಿಡಿದು ಅಳೆಯುವುದೂ ಅದನ್ನೇ. ಕತ್ತು, ತಲೆ, ಕಿವಿ ಲೆಕ್ಕಕ್ಕಿಲ್ಲ. ಬೀದಿಯಲ್ಲಿ ನಾಯಿ ಸಾಕಿದವರನ್ನು ಯಾರನ್ನಾದರೂ ಕೇಳಿ, ನಾಯಿಯ ಎತ್ತರಕ್ಕೆ ತಲೆಯನ್ನೂ ಸೇರಿಸಿಯೇ ಕೈ ತೋರಿಸುತ್ತಾರೆ. ನಮ್ಮಂಥವರು ಮಾತ್ರ ಭುಜಕ್ಕೆ ನಿಲ್ಲಿಸುತ್ತೇವೆ. ಒಂಬತ್ತು ವರ್ಷ ಅವರ ಜೊತೆ ಇದ್ದು ನನ್ನ ಬಾಯಿಯೂ ಅವರದೇ ಆಗಿತ್ತು. ಬೂದಿ ತಲೆ ಎತ್ತಿ ನಿಂತರೆ ನನ್ನ ಎದೆಗೆ ಬರುತ್ತಾನೆ. ದಿನಾ ಆ ನೆತ್ತಿಯ ಕೂದಲು ಬಾಚುವವಳು ನಾನು, ಆ ನೆತ್ತಿಯನ್ನೇ ಮರೆತು ಇಪ್ಪತ್ತೆಂಟು ಅಂದೆ. ಅಂಗಡಿಯವನು ಅದಕ್ಕೆ ಎರಡು ಇಂಚು ಸೇರಿಸಿ ಮೂವತ್ತು ಅಂತ ಬರೆದುಕೊಂಡ.

ಪೆಟ್ಟಿಗೆ ಬಂದದ್ದು ಹೊರಡುವ ಹಿಂದಿನ ಸಂಜೆ. ವರಾಂಡದಲ್ಲಿ ಅದನ್ನು ಇಳಿಸಿದ ಕೂಡಲೇ ಮುಚ್ಚಳ ನನ್ನ ಸೊಂಟಕ್ಕೂ ಬರುವುದಿಲ್ಲ ಅಂತ ಕಂಡಿತು. ಅಕ್ಕ ಅದರ ಮೇಲೆ ಬಟ್ಟೆ ಆಡಿಸುತ್ತಿದ್ದಳು. ಭಾವ ಚಕ್ರ ಉರುಳಿಸಿ ನೋಡುತ್ತಿದ್ದರು. ಬೂದಿಯನ್ನು ಒಳಗೆ ಕಳಿಸಿದೆವು. ಅವನು ಭುಜದವರೆಗೆ ಸರಾಗವಾಗಿ ಹೋದ. ಆಮೇಲೆ ತಲೆ ಮುಚ್ಚಳಕ್ಕೆ ಬಡಿಯಿತು. ತಗ್ಗಿಸಿದ. ಇನ್ನೂ ತಗ್ಗಿಸಿದ. ಒಳಗೆ ನಿಂತು, ಗದ್ದವನ್ನು ಎದೆಗೆ ಒತ್ತಿಕೊಂಡು, ಕಣ್ಣಿನ ಬಿಳಿ ತೋರಿಸುತ್ತಾ ನನ್ನನ್ನು ನೋಡಿದ. ಮುಚ್ಚಳದ ಒಳಮೈಯಲ್ಲಿ ರಿವೆಟ್ಟುಗಳ ಸಾಲು ಇತ್ತು, ಅವು ಸರಿಯಾಗಿ ಅವನ ನೆತ್ತಿಯ ಮೇಲೆಯೇ.

"ತಲೆ ತಾಗ್ತಿದೆ ಭಾವ," ಅಂದೆ.

"ಬಗ್ಗಿಸ್ಕೋತಾನೆ ಬಿಡು."

"ಐದು ಗಂಟೆ ಪ್ರಯಾಣ."

"ಮಲಗ್ತಾನೆ. ಜಾಗ ಕಮ್ಮಿ ಇದ್ರೆ ಒಳ್ಳೇದೇ, ಹೊರಳಾಡಿ ಕೂದಲು ಸಿಕ್ಕು ಮಾಡ್ಕೊಳಲ್ಲ." ಇದು ಆ ಬಳಗದಲ್ಲಿ ಎಲ್ಲರೂ ಹೇಳುವ ಮಾತು. ಹೇಳುವಾಗ ಎಲ್ಲರ ಮುಖದಲ್ಲೂ ಒಂದೇ ಥರದ ಜಾಣತನ ಇರುತ್ತದೆ. ನನಗೆ ಆ ಮುಖ ಕಂಡರಾಗುವುದಿಲ್ಲ.

"ಹಳೇ ಪಂಜರ ಕೇಳಿ ತರ್ತೀನಿ," ಅಂದೆ. "ಅದರಲ್ಲಿ ತಲೆ ಎತ್ತೋಕೆ ಜಾಗ ಇತ್ತು."

ಅಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಥೂ! ಮೂರು ವಾರದಿಂದ ಕೋಳಿ ಅದರಲ್ಲಿ ಹೇತಿದೆ. ನಾಲ್ಕು ಗಂಟೆ ಸ್ನಾನ ಮಾಡಿಸಿದ ನಾಯಿನ ಅದರೊಳಗೆ ಹಾಕ್ತೀಯಾ? ನಿನಗೇನು ಬುದ್ಧಿ ಕೆಟ್ಟಿದ್ಯಾ?"

"ಅಂಗಡಿಯವನ ಕೈಗೆ ಏನು ರೋಗ ಬಂದಿತ್ತೋ," ಅಂತ ಭಾವ ಗೊಣಗಿದರು. "ಬಂದ ಮೇಲೆ ವಿಚಾರಿಸ್ಕೋತೀನಿ."

ಆಗ ನಾನು ಹೇಳಬೇಕಿತ್ತು. ತಪ್ಪಿದ್ದು ಅಂಗಡಿಯವನಲ್ಲ, ನಾನು. ಈ ಪೆಟ್ಟಿಗೆ ಬೇಡ, ಪಂಜರವನ್ನು ನಾನೇ ತೊಳೆಯುತ್ತೇನೆ ಅಂತ. ಬಿಸಿನೀರು, ಸೋಡಾ ಪುಡಿ, ಒಂದು ಗಂಟೆ ತಿಕ್ಕಿದರೆ ಸಾಕಿತ್ತು. ಆದರೆ ಹೇಳಿದರೆ ಆ ಮನೆಯಲ್ಲಿ ಮುಂದಿನ ಐದು ವರ್ಷ ಅದೇ ಹಾಡು ಕೇಳಬೇಕು. ಬಾಚಣಿಗೆಗೆ ಇಂಚುಪಟ್ಟಿ ಓದೋಕೆ ಬರಲ್ಲ ಅಂತ ಬಂದ ನೆಂಟರಿಗೆಲ್ಲ ಭಾವ ನಗುತ್ತಾ ಹೇಳುತ್ತಾರೆ. ಆ ನಗು ಕಣ್ಣ ಮುಂದೆ ಬಂತು, ನಾನು ಬಾಯಿ ಮುಚ್ಚಿಕೊಂಡೆ. ಬೂದಿಯನ್ನು ಹೊರಗೆ ಕರೆದು ಅವನ ಕಿವಿ ಉಜ್ಜಿದೆ. ನನ್ನ ಕೈ ನನಗೇ ಅಸಹ್ಯವಾಯಿತು.

ಬೆಳಿಗ್ಗೆ ಆರಕ್ಕೆ ಹೊರಟೆವು. ಮುಂದಿನ ಸೀಟಿನಲ್ಲಿ ಭಾವ, ಅಕ್ಕ, ಕಿಟಕಿ ಪಕ್ಕ ನಾನು. ಹಿಂದೆ ಪೆಟ್ಟಿಗೆ, ಅದರ ಸುತ್ತ ಚೀಲಗಳು. ನಿನ್ನೆ ಸಂಜೆಯಿಂದ ಬೂದಿಗೆ ನೀರು ಕೊಟ್ಟಿರಲಿಲ್ಲ, ದಾರಿಯಲ್ಲಿ ಉಚ್ಚೆ ಹೊಯ್ದರೆ ಕಾಲಿನ ಕೂದಲು ಹಳದಿಯಾಗುತ್ತದೆ ಅಂತ. ರಸ್ತೆ ಊರು ದಾಟಿದ ಮೇಲೆ ಶುರುವಾಯಿತು. ಹಳ್ಳ ಬಂದಾಗೊಮ್ಮೆ ಹಿಂದಿನಿಂದ ಟಕ್ ಅನ್ನುವುದು. ನೆತ್ತಿ ಮುಚ್ಚಳಕ್ಕೆ ತಾಗುವ ಸದ್ದು. ಬೂದಿ ಅಳುವ ನಾಯಿಯಲ್ಲ, ಬೊಗಳಲೂ ಇಲ್ಲ. ಸುಮ್ಮನೆ ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ನಾನು ಒಂದೊಂದಕ್ಕೂ ಕಣ್ಣು ಮುಚ್ಚುತ್ತಿದ್ದೆ.

"ಒಂದ್ಸಲ ನಿಲ್ಲಿಸಿ ಭಾವ, ಹೊರಗೆ ಬಿಡೋಣ," ಅಂದೆ.

"ಈ ಧೂಳಲ್ಲಾ? ನಿನ್ನೆಯಿಂದ ಬಾಚಿದ್ದೆಲ್ಲ ಮಣ್ಣುಪಾಲಾಗುತ್ತೆ."

ಅಕ್ಕ ಕೈ ಚಾಚಿ ಹಾಡಿನ ಸದ್ದು ಜಾಸ್ತಿ ಮಾಡಿದಳು. ಅವಳಿಗೂ ಕೇಳಿಸುತ್ತಿತ್ತು, ಹಾಗಾಗಿಯೇ ಜಾಸ್ತಿ ಮಾಡಿದ್ದು. ನನ್ನ ಒಡಹುಟ್ಟಿದವಳ ಆ ಕೈಯನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಆದರೆ ಆ ಟಕ್ ಸದ್ದಿನ ಮೂಲ ನನ್ನ ಬಾಯಿ ಅಂತ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಪ್ರದರ್ಶನದ ಕಟ್ಟಡ ದೊಡ್ಡ ಗೋದಾಮಿನಂತಿತ್ತು. ಒಳಗೆ ಕಾಲಿಟ್ಟರೆ ಕೂದಲಿಗೆ ಹೊಡೆಯುವ ಸ್ಪ್ರೇ, ಒದ್ದೆ ನಾಯಿ, ಮೈ ಒಣಗಿಸುವ ಯಂತ್ರದ ಬಿಸಿಗಾಳಿ, ಬೇಯಿಸಿದ ಲಿವರ್ ಎಲ್ಲ ಸೇರಿದ ವಾಸನೆ. ಸಾಲು ಸಾಲು ಪೆಟ್ಟಿಗೆಗಳು, ಸಾಲು ಸಾಲು ಮೇಜುಗಳು. ನಮ್ಮ ಪಕ್ಕದ ಮೇಜಿನವಳು ನಾಯಿಗೆ ಆಸೆ ತೋರಿಸುವ ಲಿವರ್ ತುಂಡನ್ನು ಬಾಯಲ್ಲಿ ದವಡೆಗೆ ಒತ್ತಿಟ್ಟುಕೊಂಡೇ ಅಕ್ಕನ ಜೊತೆ ಸೀರೆಯ ಅಂಚಿನ ಮಾತಾಡುತ್ತಿದ್ದಳು. ನಡುವೆ ಥೂ ಅಂತ ಅದನ್ನು ಅಂಗೈಗೆ ಉಗಿದು, ನಾಯಿಯ ಮೂಗಿನ ಮುಂದೆ ಆಡಿಸಿ, ಮತ್ತೆ ಬಾಯಿಗೆ ಹಾಕಿಕೊಂಡಳು. ಅಲ್ಲಿ ಇದನ್ನು ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ. ಉಚ್ಚೆ ಹನಿಯನ್ನು ಕಂಡರೆ ಮಾತ್ರ ಎಲ್ಲರೂ ಕಿರುಚುತ್ತಾರೆ.

ಪೆಟ್ಟಿಗೆಯ ಬಾಗಿಲು ತೆಗೆದೆ. ಬೂದಿ ಬಗ್ಗಿಕೊಂಡೇ ಹೊರಗೆ ಬಂದ. ಹೊರಗೆ ಬಂದ ಮೇಲೂ ಬಗ್ಗಿಕೊಂಡೇ ನಿಂತ. ನೆತ್ತಿಯ ಮೇಲೆ ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಕೂದಲು ಹರಿದು ಹೋಗಿ ಚರ್ಮ ಕೆಂಪಗೆ ಒಸರುತ್ತಿತ್ತು.

"ಅಯ್ಯೋ, ನೆತ್ತಿ ಕೂದಲು!" ಅಂದಳು ಅಕ್ಕ. ನೆತ್ತಿ ಅನ್ನಲಿಲ್ಲ, ನೆತ್ತಿ ಕೂದಲು ಅಂದಳು.

ಭಾವ ಗಡಿಯಾರ ನೋಡಿದರು. "ಎರಡು ಗಂಟೆ ಇದೆ. ಬಾಚಣಿಗೆ, ಏನಾದ್ರೂ ಮಾಡು."

ನಾನು ಮಾಡಿದೆ. ಗಾಯ ಒರೆಸಿ, ಸುತ್ತಲಿನ ಕೂದಲನ್ನು ಅದರ ಮೇಲೆ ಎಳೆದು ಅಂಟಿಸಿ, ಅಕ್ಕನ ಹುಬ್ಬಿನ ಪೆನ್ಸಿಲ್ಲಿನಿಂದ ತೀಡಿ, ಮೇಲೆ ಬೂದು ಬಣ್ಣದ ಪುಡಿ ಒತ್ತಿದೆ. ಬಣ್ಣ ಹಚ್ಚುವುದು ನಿಯಮಕ್ಕೆ ವಿರುದ್ಧ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಪುಡಿ ಗಾಯಕ್ಕೆ ತಾಗಿದಾಗ ಬೂದಿ ನಡುಗಿದ, ಆದರೆ ನನ್ನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಅದೇ ಹೆಚ್ಚು ನೋವಾಯಿತು. ಕಚ್ಚಿದ್ದರೆ ಸಮಾಧಾನವಾಗುತ್ತಿತ್ತು.

ಸುತ್ತ ಹಗ್ಗ ಕಟ್ಟಿದ ರಿಂಗಿನಲ್ಲಿ ಭಾವ ಅವನನ್ನು ಓಡಿಸಿದರು. ನಾನು ಹಗ್ಗದ ಆಚೆ ಅಕ್ಕನ ಪಕ್ಕ ನಿಂತಿದ್ದೆ. ಭಾವ ಕತ್ತಿನ ಹಗ್ಗ ಎಳೆದಾಗ ಮಾತ್ರ ಬೂದಿಯ ತಲೆ ಮೇಲಕ್ಕೆ ಬರುತ್ತಿತ್ತು, ಸಡಿಲ ಬಿಟ್ಟ ಕೂಡಲೇ ಇಳಿಯುತ್ತಿತ್ತು. ತೀರ್ಪುಗಾರ್ತಿ ವಯಸ್ಸಾದ ಹೆಂಗಸು, ಕನ್ನಡಕ, ಬಿಳಿ ಕೋಟು. ಅವರು ಬೂದಿಯ ಹಲ್ಲು ನೋಡಿದರು, ಬೆನ್ನು ಒತ್ತಿದರು, ಭುಜಕ್ಕೆ ಅಳತೆ ಕೋಲು ಹಿಡಿದರು. ಆಮೇಲೆ ನೆತ್ತಿಯ ಕಡೆ ಕೈ ಎತ್ತಿದರು. ಆ ಕೈ ಕಂಡ ತಕ್ಷಣ ಬೂದಿ ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಸಿದ.

ಅವರು ಬಗ್ಗಿ ನಿಧಾನವಾಗಿ ನೆತ್ತಿ ಮುಟ್ಟಿದರು. ಅಂಗೈ ತಿರುಗಿಸಿ ನೋಡಿಕೊಂಡರು. ಬೂದು ಪುಡಿ, ಅದರ ನಡುವೆ ಸ್ವಲ್ಪ ಕೆಂಪು. ಕರವಸ್ತ್ರ ತೆಗೆದು ಒರೆಸಿಕೊಂಡು ಕೇಳಿದರು, "ಇದಕ್ಕೆ ಪೆಟ್ಟಿಗೆ ಆರಿಸಿದ್ದು ಯಾರು?"

"ಅಂಗಡಿಯವನು ಅಳತೆ ತಪ್ಪಿಸಿಬಿಟ್ಟ ಮೇಡಂ," ಅಂದರು ಭಾವ.

"ಹೊರಗೆ ಕರ್ಕೊಂಡು ಹೋಗಿ," ಅಂದರು ಅವರು, ಮತ್ತೆ ಭಾವನ ಮುಖ ನೋಡಲಿಲ್ಲ.

ಮೇಜಿನ ಹತ್ತಿರ ಬಂದ ಮೇಲೆ ಭಾವನ ಸಿಟ್ಟು ನೆತ್ತಿಗೇರಿತು. ಫೋನ್ ತೆಗೆದು ಅಂಗಡಿಯವನ ನಂಬರ್ ಹುಡುಕತೊಡಗಿದರು. ಅವನ ಅಂಗಡಿ ಮುಚ್ಚಿಸುತ್ತೇನೆ, ನಾಯಿ ಸಾಕುವವರ ಫೋನ್ ಗುಂಪಿನಲ್ಲೆಲ್ಲ ಹಾಕುತ್ತೇನೆ, ಇನ್ನೊಂದು ಪೆಟ್ಟಿಗೆ ಅವನ ಕೈಯಿಂದ ಯಾರೂ ತಗೊಳ್ಳದ ಹಾಗೆ ಮಾಡುತ್ತೇನೆ ಅಂತ ಕೂಗಾಡಿದರು. ಪಕ್ಕದ ಮೇಜಿನವಳು ಲಿವರ್ ಜಗಿಯುತ್ತಾ ಕಿವಿ ಇತ್ತ ಕೊಟ್ಟಳು.

"ಅಳತೆ ಕೊಟ್ಟಿದ್ದು ನಾನು," ಅಂದೆ. "ಅಂಗಡೀಲಿ ನೀವೂ ಇದ್ರಲ್ಲ. ಇಪ್ಪತ್ತೆಂಟು ಅಂದೆ."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ನಿಂತಿದ್ದೆ. ಭಾವ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. "ಸರಿಯಾಗೇ ಹೇಳಿದ್ದೀಯಲ್ಲ," ಅಂದರು. "ಪೇಪರ್‌ನಲ್ಲೂ ಇಪ್ಪತ್ತೆಂಟೇ ಇದೆ. ಈಗ ಅವರು ಅಳೆದಾಗಲೂ ಅಷ್ಟೇ ಬಂತು. ಮತ್ತೆ ತಪ್ಪು ಯಾರದು?"

"ಅದು ಭುಜದವರೆಗೆ ಭಾವ. ಅದರ ಮೇಲೆ ತಲೆ ಇದೆ."

"ತಲೆನ ಯಾರಮ್ಮ ಅಳೀತಾರೆ?" ಅಂದರು ಭಾವ, ನಿಜವಾಗಿಯೂ ಅರ್ಥವಾಗದೆ.

ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಹೇಸಿಗೆ ಬಂತು, ಕಾಲಿನಿಂದ ತಲೆಯವರೆಗೆ. ಒಂಬತ್ತು ವರ್ಷ ಈ ಮನುಷ್ಯನ ನಗುವಿಗೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ. ನಿನ್ನೆ ಸಂಜೆ ಹೇಳಿದ್ದರೂ ಇವರು ನನ್ನನ್ನು ನೋಡಿ ನಗುತ್ತಿರಲಿಲ್ಲ. ಇವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಎರಡು ಗಂಟೆಗೆ ಸಾಮಾನು ವ್ಯಾನಿಗೆ ಹಾಕಿ ಆಯಿತು. ಭಾವ ಪೆಟ್ಟಿಗೆಯ ಬಾಗಿಲು ತೆಗೆದು ಹಿಡಿದು, "ಹತ್ತಿಸು," ಅಂದರು. ಆ ಬಾಗಿಲು ಕಂಡು ಬೂದಿ ನನ್ನ ಕಾಲಿನ ಹಿಂದೆ ಸೇರಿಕೊಂಡ. ನಾನು ಬಾಗಿಲನ್ನು ಮುಚ್ಚಿದೆ.

"ಅವನು ಮುಂದೆ ಕೂರ್ತಾನೆ. ನನ್ನ ಸೀಟಲ್ಲಿ."

"ತಮಾಷೆ ಮಾಡ್ತೀಯಾ? ಸೀಟೆಲ್ಲ ಕೂದಲಾಗುತ್ತೆ."

"ಮನೆಗೆ ಹೋದ್ಮೇಲೆ ನಾನೇ ಗುಡಿಸ್ತೀನಿ. ನಾನೇ ತಾನೇ ಗುಡಿಸೋದು. ಇಲ್ಲಾಂದ್ರೆ ಇವನನ್ನ ಕರ್ಕೊಂಡು ನಡ್ಕೊಂಡು ಬರ್ತೀನಿ. ದಾರಿ ಉದ್ದಕ್ಕೂ ಕೇಳಿದವರಿಗೆಲ್ಲ ಯಾಕೆ ಅಂತ ಹೇಳ್ತೀನಿ."

ನನ್ನ ದನಿ ಅಷ್ಟು ಜೋರಿದ್ದದ್ದು ನನಗೂ ಹೊಸದು. ವಾಹನ ನಿಲ್ಲಿಸುವ ಜಾಗದಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಭಾವನಿಗೆ ಜನ ನೋಡುವುದೊಂದೇ ಅರ್ಥವಾಗುವ ಭಾಷೆ. "ಹಾಳಾಗಿ ಹೋಗಿ ಇಬ್ರೂ," ಅಂದು ಸ್ಟೀರಿಂಗ್ ಹಿಂದೆ ಹೋಗಿ ಕೂತರು. ಅಕ್ಕ ಸೆರಗು ಒಟ್ಟುಮಾಡಿಕೊಂಡು ಜಾಗ ಬಿಟ್ಟಳು. ಬೂದಿ ಹತ್ತಿ ನನ್ನ ಸೀಟಿನಲ್ಲಿ ಕೂತ. ದಾರಿಗೆಂದು ತಂದ ಬಾಟಲಿಯ ನೀರನ್ನೆಲ್ಲ ಅವನಿಗೆ ಅಂಗೈಯಲ್ಲಿ ಕುಡಿಸಿದೆ.

ನಾನು ಹಿಂದೆ ಚೀಲಗಳ ನಡುವೆ ಕೂತೆ. ಪೆಟ್ಟಿಗೆ ನನ್ನ ಬೆನ್ನಿಗೆ ಒತ್ತುತ್ತಿತ್ತು, ಕಾಲು ಚಾಚಲು ಜಾಗವಿರಲಿಲ್ಲ. ಮುಂದಿನದು ಏನೂ ಕಾಣುತ್ತಿರಲಿಲ್ಲ, ಸೀಟಿನ ಬೆನ್ನಷ್ಟೇ. ಬೂದಿ ಕೂತಲ್ಲಿ ಮೇಲೆ ಮೊಳದಷ್ಟು ಖಾಲಿ ಜಾಗವಿದೆ, ಅವನ ತಲೆಗೆ ತಾಗುವುದು ಏನೂ ಇಲ್ಲ. ಎತ್ತಿದರೆ ಆ ಬೂದು ನೆತ್ತಿ ಸೀಟಿನ ಮೇಲಿಂದ ನನಗೂ ಕಾಣಬೇಕು.

ಊರ ಹೊರಗಿನ ರಸ್ತೆ ಬಂದಾಗ ಕೇಳಿದೆ, "ಅಕ್ಕಾ, ತಲೆ ಎತ್ತಿದ್ನಾ?"

"ಇಲ್ಲ ಕಣೇ. ಮಲಗಿರಬೇಕು."

"ಕಣ್ಣು ತೆರೆದಿದ್ಯಾ?"

ಅಕ್ಕ ಬಗ್ಗಿ ನೋಡಿದ್ದು ಗೊತ್ತಾಯಿತು. "ತೆರೆದಿದೆ."

ಅರ್ಧ ದಾರಿಯಲ್ಲಿ ಮತ್ತೆ ಕೇಳಿದೆ. ಇಲ್ಲ ಅಂದಳು. ಅಷ್ಟರಲ್ಲಿ ಒಂದು ಹಳ್ಳ ಬಂತು, ವ್ಯಾನು ಕುಲುಕಿತು, ಅಕ್ಕ "ಅಯ್ಯೋ," ಅಂದಳು. ಏನಾಯಿತು ಅಂದೆ. "ಏನೂ ತಾಗಲಿಲ್ಲ ಕಣೇ. ಆದ್ರೂ ಕತ್ತು ಇನ್ನೂ ಒಳಗೆಳ್ಕೊಂಡ," ಅಂದಳು. ಹಾಡು ನಿಲ್ಲಿಸಿದಳು.

ಮನೆ ಹತ್ತಿರವಾಗುವ ಹೊತ್ತಿಗೆ ಕೇಳುವುದನ್ನು ನಾನು ಬಿಟ್ಟಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ಅಕ್ಕನೇ, ಯಾರೂ ಕೇಳದಿದ್ದರೂ, ಹಿಂದಕ್ಕೆ ತಿರುಗದೆ ಮೆಲ್ಲಗೆ ಹೇಳಿದಳು:

"ಇನ್ನೂ ಎತ್ತಿಲ್ಲ ಕಣೇ."